ಅಟ್ಟದ ಮೇಲಿನ ಕಾಯಿ, ಸುಳಿಯೊಳಗಿನ ಮೊಗ್ಗು

ಕೇಳುಗರೆಲ್ಲರಿಗೂ ನಮಸ್ಕಾರ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈ ಹೊತ್ತಿಗೆ ದನ ಕಟ್ಟಿ, ಕೈಕಾಲು ತೊಳೆದು ಕುಳಿತವರು ನನ್ನ ಕಣ್ಣ ಮುಂದೆ ಇದ್ದೀರಿ. ತೆಂಗಿನ ಬಳಕೆ ಮತ್ತು ಬೇಸಾಯ, ಅಂದು ಮತ್ತು ಇಂದು ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಹೊತ್ತು ಚಿಕ್ಕದು. ಹಾಗಾಗಿ ಹೇಳಬೇಕಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತೆಂಗಿನ ಮರ ಇಂದು ನಿಮಗೆ ಕೊಡುತ್ತಿರುವುದು ನೀವು ಮೂರು ವರ್ಷದ ಹಿಂದೆ ಅದಕ್ಕೆ ಕೊಟ್ಟದ್ದನ್ನು.

ನಮ್ಮ ತುಮಕೂರು ಜಿಲ್ಲೆಯನ್ನು ಕಲ್ಪತರು ನಾಡು ಎನ್ನುತ್ತೇವೆ. ಹೆಸರು ತಪ್ಪಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಊರೂರು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಗೂ ಬಂದು, ಈ ಸೀಮೆಯ ತೆಂಗು ಅಡಿಕೆ ತೋಟಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಇನ್ನೂರು ವರ್ಷಕ್ಕೂ ಹಿಂದಿನ ಮಾತು ಅದು. ಈ ಮರದಲ್ಲಿ ನಮ್ಮ ಹಿರಿಯರು ಬಿಸಾಡಿದ್ದು ಏನೂ ಇರಲಿಲ್ಲ. ಗರಿ ಹೆಣೆದರೆ ತಡಿಕೆ, ಚಪ್ಪರ. ಗರಿಯ ಕಡ್ಡಿ ಕಟ್ಟಿದರೆ ಪೊರಕೆ. ನಾರು ಹೊಸೆದರೆ ಬಾವಿಯ ಹಗ್ಗ. ಅರ್ಧ ಕರಟಕ್ಕೆ ಹಿಡಿ ಸಿಕ್ಕಿಸಿದರೆ ಸೌಟು, ಉಳಿದ ಕರಟ ಬಚ್ಚಲೊಲೆಗೆ. ಮದುವೆಯಾಗಿ ಹೋಗುವ ಮಗಳ ಮಡಿಲಿಗೆ ಕೊಬ್ಬರಿ, ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೂ ಕೊಬ್ಬರಿ. ಇಂದು ಅದೇ ಕರಟವನ್ನು ಸುಟ್ಟು, ಇದ್ದಿಲು ಮಾಡಿ, ನೀರು ಶುದ್ಧ ಮಾಡುವ ಯಂತ್ರದೊಳಗೆ ತುಂಬುತ್ತಾರೆ.

ಆದರೆ ಕಲ್ಪವೃಕ್ಷ ಎಂದರೆ ಕೇಳಿದ್ದನ್ನು ಕೇಳಿದ ಕ್ಷಣಕ್ಕೆ ಕೊಡುವ ಮರ ಎಂಬ ಭಾವನೆ ನಮ್ಮಲ್ಲಿ ಕುಳಿತುಬಿಟ್ಟಿದೆ. ಅಲ್ಲಿಂದಲೇ ತೊಂದರೆ ಶುರುವಾಗುತ್ತದೆ. ಇದಕ್ಕೆ ನಾನು ಕಣ್ಣಾರೆ ಕಂಡ ಒಂದು ತೋಟದ ವಿಷಯ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ತುರುವೇಕೆರೆ ತಾಲ್ಲೂಕಿನ ರೈತರೊಬ್ಬರು ನನ್ನನ್ನು ಕರೆಸಿಕೊಂಡಿದ್ದರು. ಎರಡು ಎಕರೆ ತೋಟ, ಸುಮಾರು ತೊಂಬತ್ತು ಮರ, ಎಲ್ಲವೂ ಪ್ರಾಯದವು. "ಸಾರ್, ಕಾಯಿ ನಿಂತಿಲ್ಲ. ಇದಕ್ಕೆ ಒಂದು ಔಷಧಿ ಬರೆದುಕೊಡಿ" ಎಂದರು. ನಾನು ಮರದ ಬುಡದಲ್ಲಿ ನಿಂತು ಮೇಲೆ ನೋಡಿದೆ. ಕೆಳಗಿನ ಗೊನೆಗಳಲ್ಲಿ ಹತ್ತು, ಹನ್ನೆರಡು ಕಾಯಿ ಚೆನ್ನಾಗಿಯೇ ಇದ್ದವು. ಅದರ ಮೇಲಿನ ನಾಲ್ಕೈದು ಗೊನೆಗಳಲ್ಲಿ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಒಂದರಲ್ಲಂತೂ ಬರೀ ಕಡ್ಡಿ. ಅದಕ್ಕೂ ಮೇಲೆ, ಸುಳಿಯ ಹತ್ತಿರ, ಹೊಸ ಹೊಂಬಾಳೆಯಲ್ಲಿ, ಅಂದರೆ ಹೂಗೊಂಚಲಿನಲ್ಲಿ, ಹೀಚು ತುಂಬಿಕೊಂಡಿತ್ತು. ಪಕ್ಕದ ಮರ ನೋಡಿದೆ, ಅಲ್ಲೂ ಹಾಗೆಯೇ. ಹತ್ತು ಮರ ನೋಡಿದೆ, ಹತ್ತರಲ್ಲೂ ನಡುವಿನ ಗೊನೆಗಳೇ ಬರಿದು.

ರೋಗವಾಗಿದ್ದರೆ ಹೀಗೆ ಅಳತೆ ಮಾಡಿದಂತೆ ಬರುವುದಿಲ್ಲ. ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಅಂದರೆ ಮರದ ಮೇಲಿನ ಒಂದೊಂದು ಗೊನೆಯೂ ಒಂದೊಂದು ತಿಂಗಳು. ನಾಲ್ಕೈದು ಗೊನೆ ಬರಿದು ಎಂದರೆ ನಾಲ್ಕೈದು ತಿಂಗಳು ಏನೋ ಆಗಿದೆ.

"ಮೂರು ವರ್ಷದ ಹಿಂದೆ ತೋಟಕ್ಕೆ ಏನಾಗಿತ್ತು?" ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು. "ಏನೂ ಆಗಿಲ್ಲ ಸಾರ್, ಆ ವರ್ಷ ಕಾಯಿ ಚೆನ್ನಾಗಿಯೇ ಬಿದ್ದಿತ್ತು" ಎಂದರು.

ಜಗಲಿಯ ಮೇಲೆ ಕುಳಿತು ಹುರುಳಿ ಕೇರುತ್ತಿದ್ದ ಅವರ ತಾಯಿ ಮೊರ ಕೆಳಗಿಟ್ಟರು. "ಏನೂ ಆಗಿಲ್ಲವೇ? ದೊಡ್ಡ ಮೊಮ್ಮಗಳ ಮದುವೆಯ ವರ್ಷ ಅಲ್ಲವೇನೋ ಅದು? ಯುಗಾದಿಗೆ ಬೋರು ಬತ್ತಿತು. ಹೊಸ ಬೋರಿನ ನೀರು ತೋಟಕ್ಕೆ ಹರಿದದ್ದು ಗೌರಿ ಹಬ್ಬಕ್ಕೆ. ನಡುವೆ ವೈಶಾಖದಲ್ಲಿ ಚಪ್ಪರಕ್ಕೆ ಅಂತ ಹಸಿ ಗರಿ ಬೇರೆ ಕಡಿಸಿದೆ. ಬೇಡ ಎಂದರೆ ಕೇಳಿದೆಯಾ?"

ಯುಗಾದಿಯಿಂದ ಗೌರಿ ಹಬ್ಬಕ್ಕೆ ಐದು ತಿಂಗಳು. ಮರದ ಮೇಲೆ ಬರಿದಾಗಿದ್ದ ಗೊನೆ ನಾಲ್ಕೈದು. ಆ ತಾಯಿಯ ಲೆಕ್ಕವೂ ಮರದ ಲೆಕ್ಕವೂ ಒಂದೇ ಆಗಿತ್ತು. ಮಗ ಮರೆತಿದ್ದರು, ಮರ ಮರೆತಿರಲಿಲ್ಲ.

ಈ ಲೆಕ್ಕವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಸುಳಿಯೊಳಗೆ, ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ ಹೊಂಬಾಳೆಯ ಮೊಗ್ಗು ಮೂಡುತ್ತದೆ. ಅದು ಬೆಳೆದು ಹೊರಗೆ ಬಂದು ಬಿರಿಯಲು ಸುಮಾರು 32 ತಿಂಗಳು. ಬಿರಿದ ಮೇಲೆ ಕಾಯಿ ಬಲಿಯಲು 12 ತಿಂಗಳು. ಒಟ್ಟು 44 ತಿಂಗಳು. ಮೊಗ್ಗು ಮೂಡುವ ಕಾಲದಲ್ಲಿ ಮರ ಬಾಯಾರಿ ನಿಂತರೆ ಆ ವರ್ಷ ನಿಮಗೇನೂ ಗೊತ್ತಾಗುವುದಿಲ್ಲ, ಕಾಯಿ ಎಂದಿನಂತೆಯೇ ಬೀಳುತ್ತದೆ. "ನೋಡಿದಿರಾ, ನೀರು ಬಿಡದಿದ್ದರೂ ಮರ ಕೊಟ್ಟಿತು" ಎಂದು ಹೇಳಿಕೊಳ್ಳುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದು ಹಳೆಯ ನೀರಿನ ಫಸಲು. ಹೊಸ ಬರದ ಫಸಲು ಇನ್ನೂ ಸುಳಿಯೊಳಗೆ ಇರುತ್ತದೆ.

ಅಂದು ಆ ತಾಯಿ ನನ್ನನ್ನು ಮನೆಯೊಳಗೂ ಕರೆದುಕೊಂಡು ಹೋದರು. ಅಡುಗೆಮನೆಯ ಮೇಲೆ ಅಟ್ಟ. ಬಿದಿರ ಗಳುಗಳ ಸಂದಿಯಿಂದ ಹೊಗೆ ಏರಿ, ಅಟ್ಟದ ಮೇಲಿನ ಕಾಯಿಗಳ ಸಿಪ್ಪೆ ಕಪ್ಪಗೆ, ಹಗುರವಾಗಿ ಒಣಗಿತ್ತು. ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರಿನ ಸದ್ದು ಕುಳುಕ್ ಎಂದಿತು. "ಇದಕ್ಕೆ ಇನ್ನೂ ಮೂರು ತಿಂಗಳು ಬೇಕು" ಎಂದು ಅಲ್ಲೇ ಇಟ್ಟರು. ಇನ್ನೊಂದನ್ನು ಅಲ್ಲಾಡಿಸಿದರೆ ಸದ್ದೇ ಇಲ್ಲ, ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪನ್ನು ಬಿಟ್ಟಿಲ್ಲ. ಮೂರನೆಯದು ಗಟಗಟ ಎಂದಿತು. ಅದನ್ನು ಸುಲಿದು, ಮಚ್ಚಿನ ಹಿಂಬದಿಯಿಂದ ಚಿಪ್ಪಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬಂದರು. ಚಿಪ್ಪು ಎರಡು ಹೋಳಾಗಿ ಕಳಚಿತು. ಒಳಗೆ ಕಂದು ಸಿಪ್ಪೆಯ ಇಡೀ ಉಂಡೆ, ಒಂದು ಗೀರೂ ಇಲ್ಲ. "ಈಗ ತಿನ್ನಪ್ಪಾ" ಎಂದು ಒಂದು ಹೋಳು ಕೈಗಿಟ್ಟರು. ಆ ಸಿಹಿ ಹಸಿ ಕಾಯಿಯಲ್ಲಿ ಬರುವುದಿಲ್ಲ, ಬಿಸಿಲಿಗೆ ಹಾಕಿ ಒಣಗಿಸಿದ ಹೋಳಿನಲ್ಲಿಯೂ ಬರುವುದಿಲ್ಲ.

ಕರಾವಳಿಯ ಕಡೆ, ಕೇರಳದಲ್ಲಿ, ಕಾಯಿ ಒಡೆದು ಹೋಳು ಒಣಗಿಸಿ ಗಾಣಕ್ಕೆ ಹಾಕುತ್ತಾರೆ. ಅಲ್ಲಿನ ತೇವದ ಗಾಳಿಯಲ್ಲಿ ಕಾಯನ್ನು ಇಡಿಯಾಗಿ ಅಷ್ಟು ಕಾಲ ಕೆಡದಂತೆ ಇಡುವುದು ಕಷ್ಟ. ನಮ್ಮ ಬಯಲುಸೀಮೆಯ ಒಣಗಾಳಿ ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ್ದು. ಬಲಿತ ಕಾಯಿ ಹತ್ತು, ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರುತ್ತದೆ. ಈಗ ಕೂಡಿಸಿ ನೋಡಿ. ಮರದಲ್ಲಿ 44 ತಿಂಗಳು, ಅಟ್ಟದಲ್ಲಿ 10 ತಿಂಗಳು. ನೀವು ಇಂದು ಚೀಲ ಕಟ್ಟಿ ಮಾರುಕಟ್ಟೆಗೆ ಒಯ್ಯುವ ಕೊಬ್ಬರಿ ಶುರುವಾದದ್ದು ನಾಲ್ಕೂವರೆ ವರ್ಷದ ಹಿಂದೆ. ಧಾರಣೆ ಇಳಿಯಿತು ಎಂದು ಈ ವರ್ಷ ಗೊಬ್ಬರ ನಿಲ್ಲಿಸಿದರೆ, ಮುಂದೆ ಧಾರಣೆ ಏರಿದ ದಿನ ನಿಮ್ಮ ಅಟ್ಟ ಖಾಲಿ ಇರುತ್ತದೆ. ಧಾರಣೆ ನೋಡಿ ಮರ ಸಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಹೊತ್ತು ಬಹಳ ಸರಿದಿದೆ. ಕಪ್ಪುತಲೆ ಹುಳು, ನುಸಿ, ಕಾಂಡದಲ್ಲಿ ರಸ ಸೋರುವುದು, ಅಣಬೆ ರೋಗ, ಇವುಗಳ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಅವುಗಳಿಗೆ ತಿಪಟೂರಿನ ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಕೆಟ್ಟ ಗರಿಯ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಾಯಿ ಮಾತಿನ ವರ್ಣನೆಯಿಂದ ರೋಗ ಗುರುತಿಸಲು ಯಾರಿಗೂ ಆಗುವುದಿಲ್ಲ.

ಮಾಡಬೇಕಾದದ್ದನ್ನು ಮಾತ್ರ ಹೇಳುತ್ತೇನೆ, ಬರೆದುಕೊಳ್ಳಿ. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಯೂರಿಯಾ, ಎರಡು ಕಿಲೋ ಸೂಪರ್ ಫಾಸ್ಫೇಟ್, ಎರಡು ಕಿಲೋ ಪೊಟ್ಯಾಶ್. ರಾಸಾಯನಿಕ ಗೊಬ್ಬರವನ್ನು ಎರಡು ಪಾಲು ಮಾಡಿ, ಮುಂಗಾರಿನಲ್ಲಿ ಒಂದು, ಮಳೆಗಾಲದ ಕೊನೆಯಲ್ಲಿ ಇನ್ನೊಂದು ಪಾಲು ಕೊಡಿ. ಬುಡಕ್ಕೆ ಸುರಿಯಬೇಡಿ. ಬುಡದಿಂದ ಆರು ಅಡಿಯವರೆಗೆ ಪಾತಿ ಮಾಡಿ, ಅದರಲ್ಲಿ ಹರಡಿ, ಮಣ್ಣು ಮುಚ್ಚಿ. ಟ್ರ್ಯಾಕ್ಟರಿನಲ್ಲಿ ಆಳವಾಗಿ ಉಳುಮೆ ಮಾಡಿ ಬೇರು ಹರಿಯಬೇಡಿ. ಪಾತಿಯಲ್ಲಿ ಹುರುಳಿಯನ್ನೋ ಅಪ್ಸೆಣಬನ್ನೋ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಹಸಿ ಗರಿಗೆ ಮಚ್ಚು ಹಾಕಬೇಡಿ, ಮದುವೆ ಯಾರದ್ದೇ ಆಗಿರಲಿ.

ಕೊನೆಯದು ಕಾಯಿಯ ಸಿಪ್ಪೆ. ಅದನ್ನು ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿ ಇಡುವುದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು ನೀರು ಹಿಡಿಯುವ ವಸ್ತು ಅದು, ಪೊಟ್ಯಾಶೂ ಅದರಲ್ಲಿಯೇ ಇದೆ. ಬರದ ಐದು ತಿಂಗಳನ್ನು ಮರ ದಾಟಬೇಕಾದರೆ ಅದಕ್ಕಿಂತ ಅಗ್ಗದ ದಾರಿ ನಮ್ಮ ಜಿಲ್ಲೆಯಲ್ಲಿ ಇಲ್ಲ. ಎರಡು ಸಾಲುಗಳ ನಡುವೆ ಒಂದೂವರೆ ಅಡಿ ಆಳದ ಗುಂಡಿ ತೋಡಿ. ಒಂದು ಪದರ ಸಿಪ್ಪೆ, ಒಂದು ಪದರ ಮಣ್ಣು, ಹೀಗೆ ತುಂಬುತ್ತಾ ಬನ್ನಿ. ಸಿಪ್ಪೆಯನ್ನು ಬೋರಲು ಹಾಕಬೇಡಿ. ಬೊಗಸೆ ಒಡ್ಡಿದಂತೆ ಒಳಮೈ ಮೇಲಕ್ಕಿರಲಿ, ಬಿದ್ದ ಮಳೆ ಅಲ್ಲಿಯೇ ನಿಲ್ಲುತ್ತದೆ. ಒಮ್ಮೆ ತುಂಬಿದರೆ ಐದಾರು ವರ್ಷ ಕೆಲಸ ಮಾಡುತ್ತದೆ. ಆ ತುರುವೇಕೆರೆಯ ರೈತರು ಮಾರನೆಯ ವಾರವೇ ಗುಂಡಿ ತೋಡಿಸಿದರು. ಒಳಮೈ ಮೇಲಕ್ಕೆ ಇದೆಯೇ ಎಂದು ಒಂದೊಂದನ್ನೂ ನೋಡುತ್ತಾ ನಿಂತಿದ್ದವರು ಅವರ ತಾಯಿ.

ನಮಸ್ಕಾರ.