ಸಿಟ್ಟಿನ ಅಂಗಿ ತೊಟ್ಟ ಹೆದರಿಕೆ

ಕೇಳುಗರೇ, ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಗಂಗಾವತಿ ಕಡೆಯ ನಮ್ಮಂಥ ಭತ್ತದ ರೈತರಿಗೆ ಅದು ಮರೆಯೋ ಮಾತಲ್ಲ. ನಾಟಿ ಮಾಡಿ 15 ದಿನ ಆಗಿರಲಿಲ್ಲ. ಬೆಳಿಗ್ಗೆ ಟೀವಿ ಮುಂದೆ ಕೂತಿದ್ದೆ. ಮಗ ಚಾ ತಂದ. ಬಸಿಯಲ್ಲಿ ಒಂಚೂರು ಚೆಲ್ಲಿತ್ತು. ಅಷ್ಟಕ್ಕೇ ಓಣಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಕಪ್ಪು ಬಸಿ ಎರಡನ್ನೂ ನೆಲಕ್ಕೆ ಕುಕ್ಕಿದೆ. ಎಂಟನೇ ಕ್ಲಾಸಿನ ಹುಡುಗ, ಸುಮ್ನೆ ಒಳಗೆ ಹೋದ.

ಹೆಂಡತಿ ಚೂರು ಆರಿಸುತ್ತಾ, "ಸಿಟ್ಟು ಯಾರ ಮೇಲೆ?" ಅಂದಳು. ಉತ್ತರ ಹೊಳೆಯಲಿಲ್ಲ. ನೀರೆಲ್ಲ ನದಿಗೆ ಹೋದರೆ ಬೆಳೆ ಒಣಗುತ್ತದೆ, ಸಾಲ ಹಾಗೇ ನಿಲ್ಲುತ್ತದೆ. ನನಗೆ ಆಗಿದ್ದು ಹೆದರಿಕೆ.

ನಮ್ಮಲ್ಲಿ ಗಂಡಸಿಗೆ ಸಿಟ್ಟು ಬಂದರೆ ನಡೆಯುತ್ತದೆ, ಹೆದರಿಕೆ ಆದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ ಹೆದರಿಕೆ, ನಾಚಿಕೆ, ಹಸಿವು, ನಿದ್ದೆಗೇಡು ಎಲ್ಲವೂ ಸಿಟ್ಟಿನ ಅಂಗಿ ತೊಟ್ಟೇ ಹೊರಗೆ ಬರುತ್ತವೆ. ಮಾತಿಗೇನೂ ಬರವಿಲ್ಲ ನೋಡಿ. ಹೊಟ್ಟೆ ಉರಿ, ಎದೆ ಝಲ್ ಅನ್ನೋದು, ಕರುಳು ಚುರ್ ಅನ್ನೋದು, ಕಸಿವಿಸಿ, ತಳಮಳ. ಮೈಯಲ್ಲಿ ಯಾವುದು ಎಲ್ಲಿ ಹಿಡಿಯುತ್ತದೆ ಅನ್ನೋದೂ ಆ ಮಾತಲ್ಲೇ ಇದೆ. ಅಜ್ಜಿಯಂದಿರು ಬಳಸುತ್ತಿದ್ದರು. ನಾವು "ಟೆನ್ಷನ್" ಅಂದು ಕೈ ತೊಳೆದುಕೊಳ್ಳುತ್ತೇವೆ.

ಹೆಸರಿಟ್ಟರೆ ಏನು ಬಂತು ಅಂತೀರಾ? 2007ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಜನರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಕಂಡ ಭಾವನೆಗೆ ಸರಿಯಾದ ಹೆಸರು ಆರಿಸಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಹೊಡೆಯುವ ಅಮಿಗ್ಡಲಾ ಭಾಗದ ಅಬ್ಬರ ಇಳಿದಿತ್ತು. ಇದರಿಂದ ಸಾಲ ತೀರಲ್ಲ, ಒಪ್ಪಿದೆ. ಬಸಿಯಾದರೂ ಉಳಿಯುತ್ತದೆ, ಅಲ್ವಾ?

ತಳಮಳ ವಾರಗಟ್ಟಲೆ ಇಳಿಯದೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರು 14416. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಸಿಗುತ್ತಾರೆ.

ಅವತ್ತು ಸಂಜೆ ಮಗನ ಪಕ್ಕ ಹೋಗಿ ಕೂತೆ. "ನಿನ್ನ ಮೇಲೆ ಸಿಟ್ಟಿರಲಿಲ್ಲಪ್ಪ. ಗದ್ದೆ ನೆನೆದು ಹೆದರಿಕೆ ಆಗಿತ್ತು" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಕಾಲುವೆಗೆ ನೀರು ಬಿಡಲ್ವಾ?"

ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅದು ಆಮೇಲಿನ ಮಾತು. ಆ ಸಂಜೆ "ಗೊತ್ತಿಲ್ಲ" ಅಂದೆ. ಅವನು ಇನ್ನಷ್ಟು ಹತ್ತಿರ ಸರಿದು ಕೂತ.

ನಮಸ್ಕಾರ.