ಸ್ಟಾರ್ಟರ್ ಡಬ್ಬಿಯೊಳಗಿನ ಸಂದು

ಎಲ್ಲರಿಗೂ ನಮಸ್ಕಾರ. ಅಯಸ್ಕಾಂತದ ಬಗ್ಗೆ ಮಾತಾಡಿ ಅಂತ ಮಂಡ್ಯಕ್ಕೆ ಕರೆಸಿದ್ದೀರಿ. ನಾನು ಪುಸ್ತಕ ತಂದಿಲ್ಲ, ಇದನ್ನು ತಂದಿದ್ದೇನೆ. ಹಿಂದೆ ಕೂತವರಿಗೂ ಕಾಣಲಿ ಅಂತ ಮೇಲೆತ್ತಿ ಹಿಡಿಯುತ್ತೇನೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ಇದು, ಮೋಟಾರಿಗೆ ಕರೆಂಟ್ ಸೇರಿಸುವ ಸ್ವಿಚ್. ಇದರ ಕಾಯಿಲ್, ಅಂದರೆ ಸುತ್ತಿದ ತಂತಿ, ಸುಟ್ಟು ಕರಕಲಾಗಿದೆ. ವಾಸನೆ ಇನ್ನೂ ಹೋಗಿಲ್ಲ.

ಇದನ್ನು ನನ್ನ ಕೈಗಿಟ್ಟ ಯಜಮಾನರು ಒಂದು ಮಾತು ಕೇಳಿದರು. "ವೋಲ್ಟೇಜ್ ಜಾಸ್ತಿ ಬಂದು ಸುಟ್ಟೋಯ್ತು ಅಂದ್ರೆ ಒಪ್ಕೋತೀನಿ ಸಾರ್. ಕಮ್ಮಿ ಬಂದಾಗ ಯಾಕೆ ಸುಡ್ತದೆ?" ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಇದರೊಳಗೆ ಇಂಗ್ಲಿಷಿನ ಇ ಅಕ್ಷರದ ಹಾಗಿರುವ ಎರಡು ಕಬ್ಬಿಣದ ತುಂಡುಗಳಿವೆ. ಒಂದು ಕದಲುವುದಿಲ್ಲ, ಅದರ ಸುತ್ತ ಕಾಯಿಲ್ ಇದೆ. ಇನ್ನೊಂದನ್ನು ಸ್ಪ್ರಿಂಗ್ ದೂರಕ್ಕೆ ತಳ್ಳಿ ಹಿಡಿದಿದೆ. ಕರೆಂಟ್ ಕೊಟ್ಟರೆ ಎರಡೂ ಟಕ್ ಅಂತ ಅಂಟಿಕೊಳ್ಳುತ್ತವೆ, ಮೋಟಾರ್ ಓಡುತ್ತದೆ. ಅಂಟುವ ಮೊದಲು ನಡುವೆ ಇರುವ ಗಾಳಿಯ ಸಂದು ಇದೆಯಲ್ಲ, ಇಡೀ ಆಟ ಇರುವುದು ಅಲ್ಲಿ.

ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸಿಕೊಳ್ಳಿ. ಹೂಳೆತ್ತಿದ ಕಡೆ ನೀರು ಸಲೀಸಾಗಿ ಹೋಗುತ್ತದೆ. ಜೊಂಡು ಬೆಳೆದ ಹತ್ತು ಮಾರು ಸಾಕು, ಇಡೀ ನಾಲೆಯ ಓಟ ಕುಗ್ಗುತ್ತದೆ. ಅಯಸ್ಕಾಂತದ ಹರಿವಿಗೆ, ನಾವು ಫ್ಲಕ್ಸ್ ಅನ್ನುತ್ತೇವೆ, ಕಬ್ಬಿಣ ಹೂಳೆತ್ತಿದ ನಾಲೆ, ಗಾಳಿ ಜೊಂಡು. ವ್ಯತ್ಯಾಸ ಎಷ್ಟು ಅಂದರೆ, ಗಾಳಿಗಿಂತ 2,000 ಪಟ್ಟು ಸಲೀಸಾದ ಕಬ್ಬಿಣ ಅಂತ ಇಟ್ಟುಕೊಳ್ಳಿ, ಆಗ ಅರ್ಧ ಮಿಲಿಮೀಟರ್ ಸಂದು ಒಂದು ಮೀಟರ್ ಉದ್ದದ ಕಬ್ಬಿಣಕ್ಕೆ ಸಮ.

ಈಗ ಯಜಮಾನರ ಪ್ರಶ್ನೆಗೆ ಬರೋಣ. ಎಸಿ, ಅಂದರೆ ಹಿಂದೆಮುಂದೆ ಹರಿಯುವ ಕರೆಂಟಿನ ಕಾಯಿಲ್ ಇದು, ಇದರ ಸ್ವಭಾವ ಸ್ವಲ್ಪ ವಿಚಿತ್ರ. ಎಷ್ಟು ಫ್ಲಕ್ಸ್ ಹರಿಯಬೇಕು ಅಂತ ಹೆಚ್ಚುಕಮ್ಮಿ ವೋಲ್ಟೇಜೇ ತೀರ್ಮಾನ ಮಾಡಿಬಿಡುತ್ತದೆ. ಅಷ್ಟನ್ನು ಹರಿಸಲು ಎಷ್ಟು ಕರೆಂಟ್ ಬೇಕೋ ಅಷ್ಟನ್ನು ಕಾಯಿಲ್ ಎಳೆದುಕೊಳ್ಳುತ್ತದೆ. ಸಂದು ಮುಚ್ಚಿದ್ದರೆ ಚೂರು ಕರೆಂಟ್ ಸಾಕು. ಸಂದು ತೆರೆದಿದ್ದರೆ ಐದು ಪಟ್ಟು ಬೇಕು, ಕೆಲವು ಕಾಂಟ್ಯಾಕ್ಟರ್‌ಗಳಲ್ಲಿ ಹತ್ತು ಪಟ್ಟು. ಕಣ್ಣು ಮಿಟುಕಿಸುವಷ್ಟು ಹೊತ್ತು ಅದನ್ನು ತಡೆಯಲಿ ಅಂತ ಕಾಯಿಲ್ ಸುತ್ತಿರುತ್ತಾರೆ, ಗಂಟೆಗಟ್ಟಲೆ ಅಲ್ಲ.

ಕರೆಂಟ್ ಡಿಮ್ ಬಂತು ಅನ್ನಿ. ಸ್ಪ್ರಿಂಗನ್ನು ಪೂರ್ತಿ ಸೋಲಿಸುವ ಶಕ್ತಿ ಇಲ್ಲ. ಅರ್ಧ ಎಳೆದು ನಿಲ್ಲುತ್ತದೆ, ಇಲ್ಲವೇ ಟಕಟಕ ಬಡಿದುಕೊಳ್ಳುತ್ತದೆ. ಸಂದು ಮುಚ್ಚಲೇ ಇಲ್ಲ, ಕಾಯಿಲ್ ಮಾತ್ರ ಎಳೆಯುತ್ತಲೇ ಇದೆ. ಕರೆಂಟ್ ಐದು ಪಟ್ಟಾದರೆ ಬಿಸಿ ಇಪ್ಪತ್ತೈದು ಪಟ್ಟು. ಯಜಮಾನರೇ, ನಿಮ್ಮ ಕಾಯಿಲನ್ನು ಸುಟ್ಟಿದ್ದು ಕಮ್ಮಿ ವೋಲ್ಟೇಜ್ ಅಲ್ಲ, ಆ ವೋಲ್ಟೇಜಿಗೆ ಮುಚ್ಚಲಾಗದ ಸಂದು. ಡಿಸಿ, ಅಂದರೆ ಬ್ಯಾಟರಿಯ ಹಾಗೆ ಒಂದೇ ಕಡೆ ಹರಿಯುವ ಕರೆಂಟಿನ ಕಾಯಿಲಿಗೆ ಈ ರೋಗ ಇಲ್ಲ. ಅಲ್ಲಿ ಕರೆಂಟನ್ನು ತಂತಿಯ ರೆಸಿಸ್ಟೆನ್ಸ್ ಹಿಡಿದಿಡುತ್ತದೆ, ಸಂದು ಎಷ್ಟಿದ್ದರೂ ಅಷ್ಟೇ.

ವೋಲ್ಟೇಜ್ ಯಾಕೆ ಬಿತ್ತು ಅನ್ನೋದರಲ್ಲಿ ನಮ್ಮ ಪಾಲೂ ಇದೆ. ಎಲ್ಲರ ಹೊಲದಲ್ಲೂ ಆಟೋ ಸ್ಟಾರ್ಟರ್. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಒಂದು ಟ್ರಾನ್ಸ್‌ಫಾರ್ಮರಿನ ಅಷ್ಟೂ ಮೋಟಾರುಗಳು ಒಟ್ಟಿಗೆ ಏಳುತ್ತವೆ. ಹೊರಡುವಾಗ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಕುಡಿಯುತ್ತದೆ. ಎಲ್ಲವೂ ಒಟ್ಟಿಗೆ ಕುಡಿದರೆ ವೋಲ್ಟೇಜ್ ಬೀಳದೆ ಇನ್ನೇನು? ಆಟೋ ಸ್ಟಾರ್ಟರಿನಲ್ಲಿ ಟೈಮರ್ ಇದ್ದರೆ ಅಕ್ಕಪಕ್ಕದವರು ಮಾತಾಡಿಕೊಳ್ಳಿ. ಒಬ್ಬರು ಮೂವತ್ತು ಸೆಕೆಂಡಿಗೆ ಇಟ್ಟರೆ ಪಕ್ಕದವರು ಒಂದು ನಿಮಿಷಕ್ಕೆ ಇಡಲಿ. ನೀರಿನ ಸರದಿಗೆ ಮಾತಾಡಿಕೊಳ್ಳುವುದಿಲ್ಲವೇ, ಹಾಗೆ.

ವೋಲ್ಟೇಜ್ ಸರಿಯಿದ್ದರೂ ಸ್ಟಾರ್ಟರ್ ಗುಂಯ್ ಅನ್ನುತ್ತದೆ ಅನ್ನೋದು ಇನ್ನೊಂದು ದೂರು. ಡಬ್ಬಿ ತೆಗೆದು ನೋಡಿ. ಅಂಟುವ ಮುಖಗಳ ನಡುವೆ ದೂಳು, ಇರುವೆ, ಒಮ್ಮೊಮ್ಮೆ ಹಲ್ಲಿ. ಪಾಪ, ಬೆಚ್ಚಗಿದೆ ಅಂತ ಬಂದಿರುತ್ತದೆ. ಇನ್ನೊಂದು ಕಾರಣ, ಮುಖದ ಮೇಲೆ ಕೂರಿಸಿರುವ ಸಣ್ಣ ತಾಮ್ರದ ಬಳೆ, ಶೇಡಿಂಗ್ ರಿಂಗ್. 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು ಹಿಂದೆಮುಂದೆ ಹರಿಯುವ ಕರೆಂಟಿನಲ್ಲಿ, ಎಳೆತ ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಈ ಬಳೆ ಸ್ವಲ್ಪ ಫ್ಲಕ್ಸನ್ನು ತಡವಾಗಿ ಕಳಿಸುತ್ತದೆ, ಹಾಗಾಗಿ ಎಲ್ಲ ಎಳೆತವೂ ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ. ಬಳೆ ಬಿರುಕು ಬಿಟ್ಟರೆ ಗಲಾಟೆ ಶುರು.

ಹಾಗಾದರೆ ಸಂದೇ ಇಲ್ಲದ ಹಾಗೆ ಉಜ್ಜಿಬಿಟ್ಟರೆ? ನಾನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಒಂದು ವರ್ಕ್‌ಶಾಪಿನಲ್ಲಿ ಗುಂಯ್‌ಗುಡುವ ಕಾಂಟ್ಯಾಕ್ಟರನ್ನು ಎಮರಿ ಹಾಳೆಯಿಂದ ಕನ್ನಡಿ ಹಾಗೆ ಉಜ್ಜಿದೆ. ಸದ್ದು ನಿಂತಿತು, ಬೆನ್ನು ತಟ್ಟಿಸಿಕೊಂಡೆ. ಸಂಜೆ ಸ್ಟಾಪ್ ಒತ್ತಿದರೆ ಮೋಟಾರ್ ನಿಲ್ಲುತ್ತಿಲ್ಲ! ಮೇನ್ ಎಳೆದು ನಿಲ್ಲಿಸಬೇಕಾಯಿತು. ಆಗಿದ್ದು ಇಷ್ಟೇ: ಈ ಇ ತುಂಡಿನ ನಡುಗಾಲನ್ನು ಬೇಕೆಂದೇ ಒಂದು ಕೂದಲಷ್ಟು ಗಿಡ್ಡ ಮಾಡಿರುತ್ತಾರೆ. ಅಕ್ಕಪಕ್ಕದ ಕಾಲುಗಳು ಅಂಟಿದರೂ ನಡುವೆ ಚೂರು ಗಾಳಿ ಉಳಿಯಲಿ ಅಂತ. ಕರೆಂಟ್ ಹೋದ ಮೇಲೂ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಉಳಿದಿರುತ್ತದೆ, ಅದನ್ನು ಸೋಲಿಸುವುದು ಆ ಗಾಳಿ. ನಾನು ಪಕ್ಕದ ಕಾಲುಗಳನ್ನು ಸವೆಸಿ ಆ ಸಂದನ್ನೇ ತಿಂದುಹಾಕಿದ್ದೆ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಉಜ್ಜಬೇಡಿ, ಗ್ರೀಸ್ ಹಚ್ಚಬೇಡಿ. ಗ್ರೀಸಿನ ಜಿಗುಟಿಗೂ ಅದು ಬಿಡದೆ ನಿಲ್ಲಬಹುದು.

ಡಿಪ್ಲೊಮಾ ಹುಡುಗರು ಪ್ರಾಜೆಕ್ಟಿಗೆ ಮ್ಯಾಗ್ನೆಟ್ ತಂದು, "ಪ್ಯಾಕೆಟ್ ಮೇಲೆ ಹತ್ತು ಕೇಜಿ ಅಂತ ಇದೆ, ಎರಡು ಕೇಜಿನೂ ಎತ್ತಲ್ಲ ಸಾರ್" ಅನ್ನುತ್ತಾರೆ. ಲೆಕ್ಕ ಸುಲಭ. ಫ್ಲಕ್ಸ್ ಎಷ್ಟು ಒತ್ತಾಗಿದೆ ಅನ್ನುವುದರ ಅಳತೆ ಟೆಸ್ಲಾ. ಮುಖದಲ್ಲಿ 1 ಟೆಸ್ಲಾ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 4 ಕೇಜಿ ಎಳೆತ. ಟೆಸ್ಲಾ ಅರ್ಧವಾದರೆ ಎಳೆತ ಕಾಲು ಭಾಗ. ಪ್ಯಾಕೆಟ್ಟಿನ ಅಂಕಿ ದಪ್ಪನೆಯ, ಬಣ್ಣ ಬಳಿಯದ, ಸಪಾಟಾದ ಕಬ್ಬಿಣದ ಮೇಲೆ ಅಳೆದದ್ದು. ನೀವು ಅಂಟಿಸಿದ್ದು ಬೀರುವಿನ ಬಾಗಿಲಿಗೆ. ಪೇಂಟ್ ಒಂದು ಸಂದು, ತೆಳು ತಗಡು ಫ್ಲಕ್ಸಿನಿಂದ ಬೇಗ ತುಂಬಿಹೋಗುತ್ತದೆ, ಹೆಚ್ಚು ಹಿಡಿಸುವುದಿಲ್ಲ. ಸಕ್ಕರೆ ಕಾರ್ಖಾನೆಯವರಿಗೂ ಇದೇ ತಲೆನೋವು. ಕಬ್ಬಿನ ಜೊತೆ ಮಚ್ಚಿನ ತುಂಡು, ಗಾಡಿಯ ಬೋಲ್ಟು ಬಂದು ಕಬ್ಬು ಪುಡಿ ಮಾಡುವ ಶ್ರೆಡ್ಡರಿನ ಸುತ್ತಿಗೆ ಮುರಿಯಬಾರದು ಅಂತ ಕಬ್ಬು ಸಾಗಿಸುವ ಕ್ಯಾರಿಯರ್ ಮೇಲೆ ಮ್ಯಾಗ್ನೆಟ್ ಇಡುತ್ತಾರೆ. ಅಡ್ಡ ಇರುವುದು ಹಾಳೆಯಷ್ಟು ಸಂದಲ್ಲ, ಮೊಳದುದ್ದದ ಕಬ್ಬಿನ ರಾಶಿ. ಅದಕ್ಕೇ ಆ ಮ್ಯಾಗ್ನೆಟ್ ಅಷ್ಟು ದೊಡ್ಡದು.

ಬೆಳ್ಳಿ ಬಣ್ಣದ ನಿಯೋಡಿಮಿಯಂ ಮ್ಯಾಗ್ನೆಟ್ ಬಂದದ್ದು 1980ರ ದಶಕದಲ್ಲಿ. ಬಲ ಜಾಸ್ತಿ, ಆದರೆ ಸಾಮಾನ್ಯ ದರ್ಜೆಯದ್ದು 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ಮಕ್ಕಳ ಕೈಗೆ ಕೊಡಬೇಡಿ. ಎರಡು ನುಂಗಿದರೆ ಕರುಳಿನ ಮಡಿಕೆಯನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ಬರೀ ಮ್ಯಾಗ್ನೆಟ್ಟಿನಿಂದ ತಿರುಗುವ ಮೋಟಾರಿನ ವಿಡಿಯೋ ಬಗ್ಗೆ ಕೇಳುವವರು ಇಲ್ಲೂ ಇದ್ದೀರಿ, ಗೊತ್ತು. ಮ್ಯಾಗ್ನೆಟ್ ಹತ್ತಿರ ಬರುವಾಗ ಕೊಟ್ಟ ಎಳೆತವನ್ನು ದೂರ ಹೋಗುವಾಗ ಪೂರ್ತಿ ವಸೂಲಿ ಮಾಡುತ್ತದೆ. ಆ ವಿಡಿಯೋದಲ್ಲಿ ಬ್ಯಾಟರಿ ಎಲ್ಲಿದೆ ಅಂತ ಹುಡುಕಿ, ಸಿಗುತ್ತದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, ಸುಮಾರು 147 ಕಿಲೋಮೀಟರ್ ದೂರ. ಕಾವೇರಿ ಅಲ್ಲಿ ಟರ್ಬೈನ್ ತಿರುಗಿಸುತ್ತಾಳೆ. ಅದು ಕರೆಂಟ್ ಆಗುವುದಕ್ಕೆ ಮಾತ್ರ ಜನರೇಟರಿನಲ್ಲಿ ತಿರುಗುವ ರೋಟರಿಗೂ ಸುತ್ತ ಕದಲದೆ ನಿಂತ ಸ್ಟೇಟರಿಗೂ ನಡುವಿನ ಸಂದನ್ನೇ ದಾಟಬೇಕು. ಅಲ್ಲಿ ಸಂದು ಮುಚ್ಚುವ ಹಾಗಿಲ್ಲ, ಮುಚ್ಚಿದರೆ ತಿರುಗುವುದಿಲ್ಲ.

ಮೇಜಿನ ಮೇಲೆ ಒಂದು ಮ್ಯಾಗ್ನೆಟ್, ಒಂದು ಕಬ್ಬಿಣದ ಗಟ್ಟಿ, ಸ್ಪ್ರಿಂಗ್ ತಕ್ಕಡಿ, ನೋಟ್‌ಬುಕ್ ಹಾಳೆಗಳಿವೆ. ಹಾಳೆ ಇಲ್ಲದೆ ಒಮ್ಮೆ ಎಳೆದು ನೋಡಿ. ಆಮೇಲೆ ಒಂದು ಹಾಳೆ ಇಟ್ಟು ಎಳೆಯಿರಿ, ಎರಡು ಇಟ್ಟು ಎಳೆಯಿರಿ, ಪ್ರತಿ ಸಲ ತಕ್ಕಡಿಯ ಅಂಕಿ ಬರೆದುಕೊಳ್ಳಿ. ಯಜಮಾನರೇ, ಮೊದಲು ನೀವು ಬನ್ನಿ. ಬೆರಳು ಹುಷಾರು.