‘ನಾನೇ’ ಎಂದವನು

ಕೇಳುಗರೆಲ್ಲರಿಗೂ ನಮಸ್ಕಾರ.

ಯೇಸು ತನ್ನ ಬಗ್ಗೆ ತಾನೇ ಏನು ಹೇಳಿಕೊಂಡ, ಅದರಿಂದ ಕ್ರೈಸ್ತರ ನಂಬಿಕೆ ಎಂಥದ್ದಾಯಿತು ಎಂಬುದನ್ನು ಹದಿನೈದು ನಿಮಿಷದಲ್ಲಿ ಹೇಳಿ ಎಂದು ರೇಡಿಯೋ ನಿಲಯದವರು ಕರೆದಿದ್ದಾರೆ. ಬೀದರಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ನಾನು ಒಂದು ವರ್ಷ ಪಾಠ ಮಾಡುತ್ತೇನೆ. ವರ್ಷದ ಕೊನೆಗೆ ಅವರ ತಲೆಯಲ್ಲಿ ಉಳಿದಿರುವುದು ಒಂದೇ ಮಾತು. ಹಾಗಿದ್ದ ಮೇಲೆ ಆ ಒಂದು ಮಾತನ್ನೇ ನಿಮಗೆ ಕೊಟ್ಟುಬಿಡುತ್ತೇನೆ. ಆ ಮಾತು ‘ನಾನೇ’.

ನಮ್ಮ ತಂದೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಎರಡಕ್ಕೋ ಮೂರಕ್ಕೋ ಮನೆಗೆ ಬರುತ್ತಿದ್ದರು. ಚಿಲಕ ಎರಡು ಸಲ ಸದ್ದಾಗುತ್ತಿತ್ತು. ಅವ್ವ ಒಳಗಿನಿಂದ ‘ಯಾರು?’ ಎನ್ನುತ್ತಿದ್ದಳು. ಹೊರಗಿನಿಂದ ‘ನಾನೇ’ ಎಂದು ಉತ್ತರ ಬರುತ್ತಿತ್ತು. ಹೆಸರಿಲ್ಲ, ಕುಲಗೋತ್ರವಿಲ್ಲ. ವಿಚಾರ ಮಾಡಿದರೆ ಅದು ಉತ್ತರವೇ ಅಲ್ಲ, ಕಳ್ಳನೂ ‘ನಾನೇ’ ಎನ್ನಬಹುದು. ಆದರೂ ಅವ್ವ ಮರುಪ್ರಶ್ನೆ ಹಾಕದೆ ಕಂದೀಲು ಹಿಡಿದು ಎದ್ದುಬಿಡುತ್ತಿದ್ದಳು. ದನಿಯ ಗುರುತಿದ್ದವರಿಗೆ ಎರಡಕ್ಷರ ಸಾಕು.

ಈಗ ಗಲಿಲಾಯದ ಸರೋವರಕ್ಕೆ ಬನ್ನಿ. ಕತ್ತಲು, ಬಿರುಗಾಳಿ. ಶಿಷ್ಯರು ಹುಟ್ಟು ಹಾಕಿ ಹಾಕಿ ದಣಿದಿದ್ದಾರೆ. ನೀರಿನ ಮೇಲೆ ಯಾರೋ ನಡೆದು ಬರುತ್ತಿರುವುದು ಕಂಡು ಅವರ ಜೀವ ಬಾಯಿಗೆ ಬಂದಿದೆ. ಆಗ ಯೇಸು ಹೇಳಿದ್ದು: ‘ನಾನೇ, ಅಂಜಬೇಡಿರಿ.’ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಿವೆ; ಅವುಗಳಲ್ಲೊಂದಾದ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಇದು ಇದೆ. ಆ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಚಿಲಕ ಕೇಳಿಸುತ್ತದೆ.

ಈ ಸುವಾರ್ತೆಗಳು ಸೇರಿರುವ ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಈ ಮಾತು ‘ಎಗೋ ಎಯ್ಮಿ’. ಗ್ರೀಕಿನಲ್ಲಿ ‘ಎಯ್ಮಿ’ ಎಂದರೇ ‘ಇದ್ದೇನೆ’. ಕನ್ನಡದಲ್ಲಿ ‘ಬಂದೆ’ ಎಂದರೆ ಬಂದವನು ನಾನು ಎಂದು ತಿಳಿಯುವುದಿಲ್ಲವೇ, ಹಾಗೆ. ಅದರ ಮುಂದೆ ‘ಎಗೋ’, ಅಂದರೆ ‘ನಾನು’ ಎಂದು ಬೇರೆ ಸೇರಿಸಿದರೆ ಒತ್ತಿ ಹೇಳಿದಂತೆ. ‘ಬಂದೆ’ ಎನ್ನುವುದಕ್ಕೂ ‘ನಾನೇ ಬಂದೆ’ ಎನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ಕನ್ನಡದವರಿಗೆ ನಾನು ಹೇಳಿಕೊಡಬೇಕೇ? ಶಾಲೆಯಲ್ಲಿ ಇದಕ್ಕೆ ಅವಧಾರಣೆ ಎಂದು ಹೇಳಿಕೊಟ್ಟಿದ್ದರು. ಇಂಗ್ಲಿಷಿನವರು ಇದೊಂದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಮ್ಮ ಬೈಬಲ್ ಅನುವಾದಕರು ಒಂದು ಏಕಾರ ಹಚ್ಚಿ ಮುಗಿಸಿದರು.

ಆ ಏಕಾರ ಯೋಹಾನನ ಸುವಾರ್ತೆಯ ಉದ್ದಕ್ಕೂ ಕೇಳುತ್ತದೆ. ಜೀವಕೊಡುವ ರೊಟ್ಟಿ ನಾನೇ. ನಾನೇ ಲೋಕಕ್ಕೆ ಬೆಳಕು. ನಾನೇ ಬಾಗಿಲು. ನಾನೇ ಒಳ್ಳೆಯ ಕುರುಬನು. ಹೀಗೆ ಏಳು ಚಿತ್ರಗಳಿವೆ. ಏಳನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ, ಇದು ಪರೀಕ್ಷೆಯಲ್ಲ. ಒಂದೇ ಗಮನಿಸಿ: ರೊಟ್ಟಿ ಕೊಡುತ್ತೇನೆ ಎನ್ನಲಿಲ್ಲ, ನಾನೇ ರೊಟ್ಟಿ ಎಂದ. ಬಾಗಿಲು ತೆರೆಯುತ್ತೇನೆ ಎನ್ನಲಿಲ್ಲ, ನಾನೇ ಬಾಗಿಲು ಎಂದ.

ರೊಟ್ಟಿಯದನ್ನು ತುಸು ನೋಡೋಣ. ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಟ್ಟುಕೊಂಡು ರೊಟ್ಟಿ ಬಡಿಯುತ್ತಿರುವ ತಾಯಂದಿರು ಕೆಲವರಾದರೂ ಇರುತ್ತೀರಿ. ದಾಸೋಹದ ನಾಡು ನಮ್ಮದು. ಶರಣಬಸವೇಶ್ವರರ ಊರಿನಲ್ಲಿ ಹಸಿದವರಿಗೆ ಅನ್ನ ಇಡುವುದು ಎಷ್ಟು ದೊಡ್ಡದೆಂದು ಯಾರಿಗೂ ಹೇಳಬೇಕಾಗಿಲ್ಲ. ಯೇಸುವೂ ಇಟ್ಟ. ಒಬ್ಬ ಹುಡುಗನ ಬಳಿ ಇದ್ದ ಐದು ಜವೆಗೋದಿ ರೊಟ್ಟಿ, ಎರಡು ಮೀನು. ಉಂಡವರಲ್ಲಿ ಗಂಡಸರೇ ಸುಮಾರು ಐದು ಸಾವಿರ. ಜವೆಗೋದಿ ಅಂದರೆ ಆ ಕಾಲದ ಬಡವರ ಧಾನ್ಯ. ಮರುದಿನ ಜನ ದೋಣಿ ಹತ್ತಿ ಕಪೆರ್ನೌಮಿಗೆ ಅವನನ್ನು ಹುಡುಕಿಕೊಂಡು ಹೋದರು. ಇನ್ನೊಮ್ಮೆ ರೊಟ್ಟಿ ಸಿಕ್ಕೀತು ಎಂಬ ಆಸೆ. ಅದರಲ್ಲಿ ತಪ್ಪೇನಿಲ್ಲ, ಹೊಟ್ಟೆ ದಿನವೂ ಹಸಿಯುತ್ತದೆ. ಆಗ ಅವನು ‘ಜೀವಕೊಡುವ ರೊಟ್ಟಿ ನಾನೇ’ ಎಂದ. ಜನ ಗೊಣಗಿದರು. ಇವನು ಯೋಸೇಫನ ಮಗನಲ್ಲವೇ, ಇವನ ತಾಯಿತಂದೆ ನಮಗೆ ಗೊತ್ತಿಲ್ಲವೇ ಎಂದರು. ಆ ಅಧ್ಯಾಯ ಮುಗಿಯುವಷ್ಟರಲ್ಲಿ ಶಿಷ್ಯರಲ್ಲೇ ಅನೇಕರು ಬಿಟ್ಟುಹೋಗಿದ್ದರು. ರೊಟ್ಟಿ ಕೊಟ್ಟಾಗ ಐದು ಸಾವಿರ ಜನ, ನಾನೇ ರೊಟ್ಟಿ ಎಂದಾಗ ಹನ್ನೆರಡು ಜನ ಆಪ್ತ ಶಿಷ್ಯರೂ ನಿಲ್ಲುತ್ತಾರೋ ಇಲ್ಲವೋ ಎಂಬ ಸ್ಥಿತಿ.

‘ಯೇಸು ಒಳ್ಳೆಯ ಗುರು, ಒಳ್ಳೆಯ ಮಾತು ಹೇಳಿದ, ಅಷ್ಟು ಸಾಲದೇ ಸರ್?’ ಎಂದು ಚಹಾದ ಅಂಗಡಿಯಲ್ಲಿ ಪ್ರೀತಿಯಿಂದಲೇ ಕೇಳುತ್ತಾರೆ. ಮೂವತ್ತು ವರ್ಷದಿಂದ ಕೇಳಿಸಿಕೊಂಡು ನನಗೆ ಸ್ವಲ್ಪ ಬೇಸರ ಬಂದಿದೆ, ಕ್ಷಮಿಸಿ. ಶಾಲೆಯ ಗಣಿತದ ಮಾಸ್ತರರು ಲೆಕ್ಕ ಹೇಳಿಕೊಡುತ್ತಾರೆ. ಒಂದು ದಿನ ಅವರು ಹಲಗೆಯ ಮುಂದೆ ನಿಂತು ‘ಮಕ್ಕಳೇ, ನಾನೇ ಗಣಿತ’ ಎಂದರೆ ನೀವು ಒಳ್ಳೆಯ ಮಾಸ್ತರರು ಎನ್ನುವಿರೋ, ಅವರ ಮನೆಯವರಿಗೆ ಫೋನು ಮಾಡುವಿರೋ? ಯೇಸುವಿನ ಮಾತು ಆ ಜಾತಿಯದು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಆತ ಹೇಳಿದ್ದನ್ನು ಹೇಳಲಿಲ್ಲ ಎನ್ನಬೇಡಿ.

ಇನ್ನು ಕುರುಬನ ವಿಷಯ. ಇದಕ್ಕೆ ನನ್ನದೇ ಒಂದು ಪೇಚಿನ ಪ್ರಸಂಗವಿದೆ.

ಯೋಹಾನ ಹತ್ತನೆಯ ಅಧ್ಯಾಯದಲ್ಲಿ ಯೇಸು ಒಂದೇ ಉಸಿರಿನಲ್ಲಿ ‘ನಾನೇ ಬಾಗಿಲು’ ಎನ್ನುತ್ತಾನೆ, ‘ನಾನೇ ಒಳ್ಳೆಯ ಕುರುಬನು’ ಎನ್ನುತ್ತಾನೆ. ಒಬ್ಬನೇ ಬಾಗಿಲೂ ಆಗಿ ಕುರುಬನೂ ಆಗುವುದು ಹೇಗೆ? ಇದಕ್ಕೆ ಬೋಧಕರ ಬಳಿ ಸಿದ್ಧ ಉತ್ತರವಿದೆ: ಕುರಿದೊಡ್ಡಿಗೆ ಕದ ಇರುವುದಿಲ್ಲ, ರಾತ್ರಿ ಕುರುಬ ಆ ಸಂದಿಯಲ್ಲಿ ಅಡ್ಡ ಮಲಗುತ್ತಾನೆ, ಹಾಗಾಗಿ ಅವನೇ ಬಾಗಿಲು. ಕೇಳಲು ಚೆನ್ನಾಗಿದೆ. ದೇವಶಾಸ್ತ್ರ ಮುಗಿಸಿ ಬಂದ ಹೊಸದರಲ್ಲಿ ನಾನು ಇದನ್ನು ಹಳ್ಳಿ ಹಳ್ಳಿಯಲ್ಲಿ ಹೇಳಿ ತಲೆದೂಗಿಸಿಕೊಂಡಿದ್ದೆ. ಕುರಿದೊಡ್ಡಿಯ ಹತ್ತಿರ ಮಾತ್ರ ಒಂದು ರಾತ್ರಿಯೂ ಇದ್ದವನಲ್ಲ.

ಒಂದು ಜನವರಿ ತಿಂಗಳು. ಶಹಾಪುರದಿಂದ ಯಾದಗಿರಿಗೆ ಬರುವಾಗ ಬಸ್ಸು ಪಂಕ್ಚರ್ ಆಯಿತು. ಹೊತ್ತು ಮುಳುಗುತ್ತಿತ್ತು, ಊರ ಹಿಂದಿನ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುತ್ತದಲ್ಲ, ಅದರ ಮೇಲೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ರಸ್ತೆಯ ಪಕ್ಕದ ಹೊಲದಲ್ಲಿ ಕುರಿ ತರುಬಿದ್ದರು. ತರುಬುವುದೆಂದರೆ ಪಟ್ಟಣದವರಿಗೆ ತಿಳಿಯಲಿಕ್ಕಿಲ್ಲ: ರಾಶಿ ಮುಗಿದ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸುತ್ತಾರೆ, ಹೊಲದವನಿಗೆ ಗೊಬ್ಬರ ಸಿಗುತ್ತದೆ, ಕುರುಬನಿಗೆ ಕಾಳೋ ದುಡ್ಡೋ ಸಿಗುತ್ತದೆ. ಸುತ್ತ ಗೂಟ ಹೊಡೆದು ಬಲೆ ಕಟ್ಟಿದ್ದರು. ಎಳೆಯ ಮರಿಗಳು ಬುಟ್ಟಿಯ ಕೆಳಗೆ ಕೀರಲು ದನಿಯಲ್ಲಿ ಒದರುತ್ತಿದ್ದವು. ಒಬ್ಬ ಮುದುಕ ಕಂಬಳಿ ಹೊದ್ದು ಕುಳಿತು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತಿದ್ದ.

ನನಗೆ ಸಂತೋಷವೋ ಸಂತೋಷ. ಹತ್ತಿರ ಹೋಗಿ, ‘ಮುತ್ಯಾ, ರಾತ್ರಿ ನೀವು ಬಾಗಿಲಿಗೆ ಅಡ್ಡ ಮಲಗುತ್ತೀರಲ್ಲವೇ?’ ಎಂದೆ. ಉತ್ತರ ನನಗೆ ಮೊದಲೇ ಗೊತ್ತಿತ್ತು, ಅವನ ಬಾಯಿಂದ ಕೇಳಬೇಕಿತ್ತು ಅಷ್ಟೇ.

‘ಯಾವ ಬಾಗಿಲು?’ ಎಂದ ಮುತ್ಯಾ.

ನೋಡಿದೆ. ಬಲೆ ಸುತ್ತಲೂ ಒಂದೇ ಸಮ ಇತ್ತು. ಬಾಗಿಲೂ ಇಲ್ಲ, ಸಂದಿಯೂ ಇಲ್ಲ. ‘ಒಳಗೆ ಹೋಗುವುದು ಹೇಗೆ?’ ಎಂದೆ. ‘ಬಲೆ ಎತ್ತಿದರೆ ಆಯಿತು’ ಎಂದ. ನಾನು ಬಿಡಲಿಲ್ಲ. ‘ತೋಳ ಬಾಗಿಲಿನಿಂದ ಬಂದರೆ ಎಂದು ನೀವು ಅಲ್ಲಿ...’ ಎನ್ನುವಷ್ಟರಲ್ಲಿ ಅವನು ನಕ್ಕುಬಿಟ್ಟ. ‘ತಮ್ಮಾ, ತೋಳವೇನು ಬೀಗರ ಮನೆಗೆ ಬರುತ್ತದೆಯೇ, ಬಾಗಿಲು ಹುಡುಕಿಕೊಂಡು?’

ನನ್ನ ವರ್ಷಗಳ ಪ್ರಸಂಗ ಅಲ್ಲೇ ಮಣ್ಣು ಮುಕ್ಕಿತು. ಆದರೂ ಕೇಳಿದೆ: ‘ಈ ಬಲೆ ನನ್ನ ಸೊಂಟಕ್ಕೂ ಬರುವುದಿಲ್ಲ. ಇದು ತೋಳವನ್ನು ತಡೆಯುತ್ತದೆಯೇ?’

‘ಬಲೆ ಇರುವುದು ಕುರಿ ಹೊರಗೆ ಹೋಗದಿರಲಿ ಎಂದು. ತೋಳಕ್ಕೆ ಅದು ಯಾವ ಲೆಕ್ಕ?’

‘ಹಾಗಾದರೆ ತೋಳ ಬಂದರೆ?’

ಹಿಂಡಿನ ನಡುವೆ ಎಲ್ಲೋ ಒಂದು ಕುರಿ ಕೆಮ್ಮಿತು. ಮುತ್ಯಾ ತಿರುಗಿ ನೋಡದೆಯೇ, ‘ಕರಿ ಕಿವಿಯದು, ಮೂರು ದಿನದಿಂದ ಹೀಗೇ’ ಎಂದ. ತಂಬಾಕು ದವಡೆಗೆ ಇಟ್ಟುಕೊಂಡ. ಆಮೇಲೆ ನನ್ನ ಪ್ರಶ್ನೆ ನೆನಪಾದವನಂತೆ ಹೇಳಿದ:

‘ನಾನೇ ಇದ್ದೇನಲ್ಲ.’

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಯಾದಗಿರಿ ಬರುವವರೆಗೂ ನಾನು ಪಕ್ಕದವರೊಡನೆ ಮಾತನಾಡಲಿಲ್ಲ. ಗ್ರೀಕ್ ವ್ಯಾಕರಣ ಮೂರು ವರ್ಷ ಓದಿದವನು ನಾನು; ‘ಎಗೋ ಎಯ್ಮಿ’ಗೆ ಸರಿಯಾದ ಕನ್ನಡ ಸಿಕ್ಕಿದ್ದು ತರುಬಿದ ಹೊಲದ ಬದುವಿನಲ್ಲಿ. ನಾನೇ ಇದ್ದೇನಲ್ಲ! ಬಲೆಯಲ್ಲ, ಕೋಲಲ್ಲ, ನಾಯಿಯಲ್ಲ. ಯೇಸು ಅದೇ ಅಧ್ಯಾಯದಲ್ಲಿ ಕೂಲಿಯಾಳಿನ ಮಾತು ಎತ್ತುತ್ತಾನೆ. ತೋಳ ಬರುವುದನ್ನು ಕಂಡರೆ ಕೂಲಿಯಾಳು ಓಡಿಹೋಗುತ್ತಾನೆ, ಏಕೆಂದರೆ ಕುರಿ ಅವನದಲ್ಲ. ಒಳ್ಳೆಯ ಕುರುಬ ಕುರಿಗಳಿಗೋಸ್ಕರ ಪ್ರಾಣ ಕೊಡುತ್ತಾನೆ. ಕ್ರೈಸ್ತರಿಗೆ ಶಿಲುಬೆ ಅಂದರೆ ಇದು: ತೋಳ ಬಂದಾಗ ಓಡದೆ ನಿಂತವನು.

ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಮುತ್ಯಾನ ಕಥೆ ಹೇಳತೊಡಗಿದರೆ ನನಗೆ ಯಾವಾಗಲೂ ಹೀಗೆಯೇ ಆಗುತ್ತದೆ. ಉಳಿದದ್ದನ್ನು ಓಡುತ್ತಾ ಹೇಳುತ್ತೇನೆ.

ಬೆಳಕಿನ ಮಾತಿಗೆ ಹಿನ್ನೆಲೆ ಯೆರೂಸಲೇಮಿನ ಪರ್ಣಶಾಲೆಗಳ ಹಬ್ಬ. ದೇವಾಲಯದ ಅಂಗಳದಲ್ಲಿ ದೊಡ್ಡ ದೊಡ್ಡ ದೀಪಗಳನ್ನು ಹಚ್ಚುತ್ತಿದ್ದ ಹಬ್ಬ. ದ್ರಾಕ್ಷಿಬಳ್ಳಿಯದನ್ನು ಬಿಡುತ್ತೇನೆ. ಮಾರ್ಥಳನ್ನು ಬಿಡಲಾರೆ. ಅವಳ ತಮ್ಮ ಲಾಜರ ಸತ್ತು ನಾಲ್ಕು ದಿನ. ಕಡೆಯ ದಿನದಲ್ಲಿ ಎಲ್ಲರೂ ಎದ್ದು ಬರುವಾಗ ಅವನೂ ಬರುವನೆಂದು ಬಲ್ಲೆ ಎನ್ನುತ್ತಾಳೆ. ಸರಿಯಾದ ಉತ್ತರವೇ, ನನ್ನ ತರಗತಿಯಲ್ಲಾದರೆ ಪೂರ್ಣ ಅಂಕ. ಆದರೆ ಯೇಸು ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂದ. ಅವಳು ಎಂದೋ ಬರುವ ಒಂದು ದಿನವನ್ನು ನೋಡುತ್ತಿದ್ದಳು, ಅವನು ಎದುರಿಗೆ ನಿಂತಿದ್ದ.

‘ನಾನೇ ಮಾರ್ಗ’ ಎಂಬುದನ್ನು ನಮ್ಮವರು ಕ್ಯಾಲೆಂಡರಿನಲ್ಲಿ ಅಚ್ಚುಹಾಕಿಸಿ ತೂಗುಹಾಕುತ್ತಾರೆ, ಕೆಲವರು ಅದನ್ನು ಬೇರೆಯವರಿಗೆ ಬೀಸುವ ಕೋಲು ಮಾಡಿಕೊಳ್ಳುತ್ತಾರೆ. ನನಗೆ ಅದು ಸೇರುವುದಿಲ್ಲ. ಅದನ್ನು ಹೇಳಿದ್ದು ಸಾಯುವ ಹಿಂದಿನ ರಾತ್ರಿ, ಹೇಳಿದ್ದು ತೋಮನಿಗೆ. ನೀನು ಹೋಗುವುದೆಲ್ಲಿಗೆಂದೇ ಗೊತ್ತಿಲ್ಲ, ಮಾರ್ಗ ಹೇಗೆ ಗೊತ್ತಾದೀತು ಎಂದು ಗಾಬರಿಯಾಗಿ ಕೇಳಿದ ಸ್ನೇಹಿತನಿಗೆ ಹೇಳಿದ ಸಮಾಧಾನದ ಮಾತು ಅದು.

ಉಳಿದ ಮೂರು ಸುವಾರ್ತೆಗಳಲ್ಲಿ ಆತ ತನ್ನನ್ನು ಹೆಚ್ಚಾಗಿ ಕರೆದುಕೊಳ್ಳುವುದು ‘ಮನುಷ್ಯಕುಮಾರ’ ಎಂದು. ಹಳೆಯ ಒಡಂಬಡಿಕೆಯ ದಾನಿಯೇಲನ ದರ್ಶನದಲ್ಲಿ ಮೇಘಗಳೊಂದಿಗೆ ಬರುವವನ ಹೆಸರು ಅದು. ಆದರೆ ಈ ಮನುಷ್ಯಕುಮಾರನಿಗೆ ತಲೆಯಿಡುವಷ್ಟೂ ಜಾಗವಿಲ್ಲ. ಅದಕ್ಕೊಂದು ಬೇರೆ ಭಾಷಣವೇ ಬೇಕು, ಕರೆದರೆ ಬರುತ್ತೇನೆ.

ಎಲ್ಲಕ್ಕಿಂತ ದೊಡ್ಡ ಗಲಾಟೆಯಾದದ್ದು ಎಂಟನೆಯ ಅಧ್ಯಾಯದಲ್ಲಿ. ನಿನಗೆ ಇನ್ನೂ ಐವತ್ತು ವರ್ಷವಾಗಿಲ್ಲ, ಅಬ್ರಹಾಮನನ್ನು ನೋಡಿದ್ದೀಯಾ ಎಂದು ಯೆಹೂದ್ಯರು ಕೇಳಿದರು. ಅಬ್ರಹಾಮನೆಂದರೆ ಅವರ ಮೂಲಪುರುಷ, ಎಷ್ಟೋ ಶತಮಾನ ಹಿಂದಿನವನು. ಅಬ್ರಹಾಮನು ಹುಟ್ಟುವುದಕ್ಕಿಂತ ಮುಂಚಿನಿಂದಲೂ ನಾನು ಇದ್ದೇನೆ ಎಂದ. ಇದ್ದೆ ಅಲ್ಲ, ಇದ್ದೇನೆ. ಅವರು ಕಲ್ಲು ಎತ್ತಿಕೊಂಡರು. ಏಕೆಂದರೆ ಉರಿಯುವ ಪೊದೆಯೊಳಗಿಂದ ದೇವರು ಅವರ ಪ್ರವಾದಿ ಮೋಶೆಗೆ ಹೇಳಿದ ಹೆಸರು ಅವರಿಗೆ ನೆನಪಿತ್ತು: ‘ಇರುವಾತನೇ ಆಗಿದ್ದೇನೆ.’ 325ರಲ್ಲಿ ನಿಕೇಯ ಎಂಬ ಊರಿನಲ್ಲಿ, ಈಗಿನ ತುರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರು ಸೇರಿ ಮಗನಾದ ಯೇಸು ತಂದೆಯಾದ ದೇವರೊಂದಿಗೆ ಒಂದೇ ತತ್ವದವನು ಎಂದು ನಂಬಿಕೆಯ ಪ್ರಮಾಣ ಬರೆದರು. ಅವರು ಬರೆದದ್ದು ಆಗ. ಕಲ್ಲು ಎತ್ತಿಕೊಂಡವರು ಅದಕ್ಕೂ ಮೊದಲೇ ಅರ್ಥಮಾಡಿಕೊಂಡಿದ್ದರು.

ಎರಡು ನಿಮಿಷ ಉಳಿದಿದೆಯಂತೆ. ಅದನ್ನು ಯೇಸುವಿನ ಶಿಷ್ಯ ಪೇತ್ರನಿಗೆ ಕೊಡುತ್ತೇನೆ.

ಯೇಸುವನ್ನು ಹಿಡಿಯಲು ತೋಟಕ್ಕೆ ಸಿಪಾಯಿಗಳು ಬಂದರು. ‘ಯಾರನ್ನು ಹುಡುಕುತ್ತೀರಿ?’ ‘ನಜರೇತಿನ ಯೇಸುವನ್ನು.’ ‘ನಾನೇ’ ಎಂದ. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಪೇತ್ರ ಇದ್ದಿಲ ಬೆಂಕಿಗೆ ಕೈಕಾಯಿಸಿಕೊಳ್ಳುತ್ತಾ ನಿಂತಿದ್ದ. ನೀನೂ ಅವನ ಶಿಷ್ಯನಲ್ಲವೇ ಎಂದು ಕೇಳಿದರು. ‘ನಾನಲ್ಲ’ ಎಂದ. ಗ್ರೀಕಿನಲ್ಲಿ ಅದೇ ‘ಎಯ್ಮಿ’. ಮುಂದೊಂದು ‘ಅಲ್ಲ’ ಸೇರಿದೆ, ‘ಎಗೋ’ ಬಿದ್ದುಹೋಗಿದೆ.

ಯೇಸು ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದು ಬಂದ ಕೆಲವು ದಿನಗಳ ನಂತರ ಒಂದು ಬೆಳಗಿನ ಜಾವ. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಕ್ಕದ ಪೇತ್ರ ಮತ್ತು ಗೆಳೆಯರು. ದಡದಲ್ಲಿ ಯಾರೋ ನಿಂತು, ದೋಣಿಯ ಬಲಗಡೆಗೆ ಬಲೆ ಹಾಕಿರಿ ಎಂದ. ಹಾಕಿದರು, ಬಲೆ ತುಂಬಿತು. ದಡಕ್ಕೆ ಬಂದು ನೋಡುತ್ತಾರೆ: ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ‘ಬಂದು ಊಟಮಾಡಿರಿ’ ಎಂದ. ನೀನು ಯಾರು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ, ಎಂದು ಯೋಹಾನ ಬರೆಯುತ್ತಾನೆ.

ಕೇಳಿಸಿಕೊಂಡದ್ದಕ್ಕೆ ವಂದನೆಗಳು. ನಮಸ್ಕಾರ.